‘ಟು’ ಎಂದರೆ ಎಷ್ಟು, ‘ಬೈ’ ಎಂದರೆ ಎಷ್ಟು: ವ್ಯವಹಾರದ ಇಂಗ್ಲಿಷಿನಲ್ಲಿ ಪ್ರಿಪೊಸಿಷನ್ ಲೆಕ್ಕ

ಮಂಡ್ಯದ ಬೆಲ್ಲದ ಮಂಡಿಯೊಂದರಿಂದ ಪುಣೆಯ ಸಗಟು ವ್ಯಾಪಾರಿಗೆ ಮೇಲ್ ಹೋಗಬೇಕಿದೆ ಎಂದಿಟ್ಟುಕೊಳ್ಳಿ. ಕಿಲೋಗೆ 44 ರೂಪಾಯಿ ಇದ್ದ ದರ 46 ಆಗಿದೆ. ಮೇಲ್ ಬರೆಯುವವರು ‘ದ ರೇಟ್ ಹ್ಯಾಸ್ ಇನ್‌ಕ್ರೀಸ್ಡ್ ಟು ಟೂ ರುಪೀಸ್’ ಎಂದು ಬರೆದುಬಿಡುತ್ತಾರೆ. ಅದರರ್ಥ ಬೆಲ್ಲ ಈಗ ಕಿಲೋಗೆ ಎರಡೇ ರೂಪಾಯಿ. ಪುಣೆಯವರು ನಕ್ಕು, ಒಂದು ಫೋನ್ ಮಾಡಿ ಸರಿಮಾಡಿಕೊಳ್ಳುತ್ತಾರೆ. ಎರಡು ರೂಪಾಯಿಗೆ ಬೆಲ್ಲ ಸಿಗುವುದಿಲ್ಲ ಎಂದು ಅವರಿಗೂ ಗೊತ್ತು.

ಅದೇ ಮೇಲ್‌ನ ಮುಂದಿನ ಸಾಲು ರಿಯಾಯಿತಿಯದ್ದು. ಇಲ್ಲಿಯವರೆಗೆ ಶೇ. 3 ಕೊಡುತ್ತಿದ್ದರು, ಇನ್ನು ಮುಂದೆ ಶೇ. 5 ಕೊಡುತ್ತಾರೆ. ಬರೆದದ್ದು ಮಾತ್ರ ‘ವಿ ಹ್ಯಾವ್ ಇನ್‌ಕ್ರೀಸ್ಡ್ ಯುವರ್ ಡಿಸ್ಕೌಂಟ್ ಬೈ 5 ಪರ್ಸೆಂಟ್’. ಈ ಸಲ ಪುಣೆಯವರು ನಗುವುದಿಲ್ಲ, ಫೋನನ್ನೂ ಮಾಡುವುದಿಲ್ಲ. ಮೂರರ ಮೇಲೆ ಐದು ಸೇರಿಸಿ ಎಂಟು ಹಿಡಿದುಕೊಂಡು ಹಣ ಕಳಿಸುತ್ತಾರೆ. 46ರ ದರದಲ್ಲಿ ಹತ್ತು ಟನ್ ಬೆಲ್ಲಕ್ಕೆ 4,60,000 ರೂಪಾಯಿ; ಅದರಲ್ಲಿ ಶೇ. 3ರ ವ್ಯತ್ಯಾಸ ಎಂದರೆ 13,800. ಎರಡಕ್ಷರದ ಪದವೊಂದಕ್ಕೆ ತೆತ್ತ ಬೆಲೆ ಇದು. ಜಗಳ ಆಡೋಣವೆಂದರೆ ನೀವು ಕಳಿಸಿದ ಇ-ಮೇಲೇ ಸಾಕ್ಷಿ, ಅದೂ ಅವರ ಪರ.

‘ಟು’ ಹೊಸ ಮಟ್ಟವನ್ನು ಹೇಳುತ್ತದೆ, ‘ಬೈ’ ವ್ಯತ್ಯಾಸವನ್ನು ಹೇಳುತ್ತದೆ. ಇದರಲ್ಲಿ ನಾವು ಎಡವುವುದಕ್ಕೆ ಕಾರಣವೂ ಇದೆ. ‘ದರ 46ಕ್ಕೆ ಏರಿತು’ ಎನ್ನುವಾಗ ಕನ್ನಡದಲ್ಲಿ ‘ಕ್ಕೆ’ ಬರುತ್ತದೆ, ಅದು ‘ಟು’ ಜೊತೆ ಸಲೀಸಾಗಿ ಹೊಂದುತ್ತದೆ. ‘ದರ ಎರಡು ರೂಪಾಯಿ ಏರಿತು’ ಎನ್ನುವಾಗ ಕನ್ನಡ ಯಾವ ಪ್ರತ್ಯಯವನ್ನೂ ಹಾಕುವುದಿಲ್ಲ, ಇಂಗ್ಲಿಷ್ ಅಲ್ಲಿ ‘ಬೈ’ ಕೇಳುತ್ತದೆ. ನಮ್ಮಲ್ಲಿ ಖಾಲಿ ಇರುವ ಜಾಗಕ್ಕೆ ಅವರಲ್ಲೊಂದು ಪದ ಬೇಕಾದಾಗ ಕೈಗೆ ಸಿಕ್ಕಿದ್ದನ್ನು ಹಾಕಿಬಿಡುತ್ತೇವೆ. ‘ಇನ್‌ಕ್ರೀಸ್’ ಕ್ರಿಯಾಪದವಾಗಿರದೆ ನಾಮಪದವಾದರೆ ಲೆಕ್ಕ ಮತ್ತೆ ಬದಲಾಗುತ್ತದೆ: ‘ಆನ್ ಇನ್‌ಕ್ರೀಸ್ ಆಫ್ ಟೂ ರುಪೀಸ್ ಇನ್ ದ ರೇಟ್’. ಮೊತ್ತಕ್ಕೆ ‘ಆಫ್’, ಏರಿದ ವಸ್ತುವಿಗೆ ‘ಇನ್’.

ಶೇಕಡಾವಾರು ವಿಷಯದಲ್ಲಿ ‘ಬೈ’ ಸರಿಯಾಗಿ ಬಳಸಿದರೂ ಅಪಾಯ ತಪ್ಪಿದ್ದಲ್ಲ. ಶೇ. 3ನ್ನು ‘ಬೈ 5 ಪರ್ಸೆಂಟ್’ ಏರಿಸಿದರೆ ಅದು 8 ಅಲ್ಲ, ಮೂರರ ನೂರಕ್ಕೆ ಐದು ಪಾಲು ಸೇರಿ 3.15 ಎಂದು ವಾದಿಸುವ ಲೆಕ್ಕಿಗರೂ ಇದ್ದಾರೆ, ಆ ವಾದ ಸರಿಯೂ ಹೌದು. ಹಾಗಾಗಿ ದರ, ರಿಯಾಯಿತಿ, ಬಡ್ಡಿ ಯಾವುದೇ ಇರಲಿ, ಎರಡೂ ಅಂಕಿ ಬರೆದುಬಿಡಿ: ‘ಫ್ರಮ್ 3 ಪರ್ಸೆಂಟ್ ಟು 5 ಪರ್ಸೆಂಟ್’. ಇದನ್ನು ಬೇರೆ ರೀತಿ ಓದಲು ಯಾರಿಗೂ ಆಗುವುದಿಲ್ಲ.

ಎಡಕ್ಕೆ ನೋಡಬೇಕೋ, ಬಲಕ್ಕೆ ನೋಡಬೇಕೋ

ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ನಾಮಪದದ ಬಾಲಕ್ಕೆ ಅಂಟಿಕೊಳ್ಳುತ್ತದೆ. ಹಾಗಾಗಿ ಇಂಗ್ಲಿಷ್ ಬರೆಯುವಾಗಲೂ ನಮ್ಮ ಕಣ್ಣು ನಾಮಪದದ ಮೇಲೇ ಇರುತ್ತದೆ: ‘ಪ್ರೈಸ್’ ಎಂಬುದಕ್ಕೆ ಯಾವ ಪ್ರಿಪೊಸಿಷನ್? ಈ ಪ್ರಶ್ನೆಗೆ ಉತ್ತರವೇ ಇಲ್ಲ. ‘ಡಿಪೆಂಡ್ಸ್ ಆನ್ ದ ಪ್ರೈಸ್’, ‘ಕಂಪ್ಲೇನ್ಡ್ ಅಬೌಟ್ ದ ಪ್ರೈಸ್’, ‘ಇನ್‌ಕ್ಲೂಡೆಡ್ ಇನ್ ದ ಪ್ರೈಸ್’, ‘ಆಡೆಡ್ ಟು ದ ಪ್ರೈಸ್’, ‘ಡಿಡಕ್ಟೆಡ್ ಫ್ರಮ್ ದ ಪ್ರೈಸ್’. ಒಂದೇ ಪ್ರೈಸು, ಐದು ಪ್ರಿಪೊಸಿಷನ್ನು. ಅದನ್ನು ಆರಿಸುತ್ತಿರುವುದು ಎಡಗಡೆಯ ಪದ. ಕಲಿಯುವಾಗ ‘ಡಿಪೆಂಡ್’ ಎಂದು ಬಿಡಿಯಾಗಿ ಕಲಿಯದೆ ‘ಡಿಪೆಂಡ್ ಆನ್’ ಎಂದು ಇಡಿಯಾಗಿ ಕಲಿಯಬೇಕು ಎನ್ನುವುದು ಅದಕ್ಕೇ.

ಸಮಯ ಮತ್ತು ಸ್ಥಳದ ವಿಷಯದಲ್ಲಿ ಮಾತ್ರ ಇದು ಉಲ್ಟಾ. ಅಲ್ಲಿ ಬಲಗಡೆಯ ಪದವೇ ಯಜಮಾನ. ಗಡಿಯಾರದ ಹೊತ್ತಿಗೆ ‘ಅಟ್’, ದಿನಕ್ಕೆ ‘ಆನ್’, ತಿಂಗಳು ವರ್ಷಗಳಿಗೆ ‘ಇನ್’. ಎಡಗಡೆ ಮೀಟಿಂಗ್ ಇರಲಿ, ಡೆಲಿವರಿ ಇರಲಿ, ಬದಲಾಗುವುದಿಲ್ಲ. ‘ಮುಂದಿನ ಸೋಮವಾರ’ಕ್ಕೆ ಏನೂ ಬೇಡ: ‘ಆನ್ ನೆಕ್ಸ್ಟ್ ಮಂಡೇ’ ಅಲ್ಲ, ಬರೀ ‘ನೆಕ್ಸ್ಟ್ ಮಂಡೇ’.

ಕನ್ನಡದ ಒಂದೊಂದು ಪ್ರತ್ಯಯ ಇಂಗ್ಲಿಷಿನಲ್ಲಿ ಎಷ್ಟು ಕವಲಾಗುತ್ತದೆ ಎಂದು ನೋಡಲು ‘ಇಂದ’ ಒಂದನ್ನೇ ತೆಗೆದುಕೊಳ್ಳಿ. ಮೈಸೂರಿನಿಂದ ಹೊರಟಿತು ಎಂದರೆ ‘ಫ್ರಮ್’. ಮಳೆಯಿಂದ ತಡವಾಯಿತು ಎಂದರೆ ‘ಬಿಕಾಸ್ ಆಫ್’ ಅಥವಾ ‘ಡ್ಯೂ ಟು’. ಮ್ಯಾನೇಜರರಿಂದ ಸಹಿಯಾಗಿದೆ ಎಂದರೆ ‘ಬೈ’. ಗಂಧದ ಮರದಿಂದ ಮಾಡಿದ ಪೆಟ್ಟಿಗೆ ‘ಮೇಡ್ ಆಫ್’, ಏಕೆಂದರೆ ಮರ ಮರವಾಗಿಯೇ ಕಾಣುತ್ತಿದೆ; ಕಬ್ಬಿನ ಹಾಲಿನಿಂದ ಮಾಡಿದ ಬೆಲ್ಲ ‘ಮೇಡ್ ಫ್ರಮ್’, ಏಕೆಂದರೆ ಹಾಲು ರೂಪ ಕಳೆದುಕೊಂಡಿದೆ. ‘ಏಪ್ರಿಲ್‌ನಿಂದ ನಿಮಗೆ ಸರಕು ಕಳಿಸುತ್ತಿದ್ದೇವೆ’ ಎಂದರೆ ‘ಸಿನ್ಸ್’. ಇನ್ನು ‘ಮೂರು ವರ್ಷದಿಂದ’ ಎಂಬುದು ‘ಫಾರ್ ತ್ರೀ ಇಯರ್ಸ್’.

ಈ ಕೊನೆಯ ಜೋಡಿಯಲ್ಲಿ ತಪ್ಪದ ಕಚೇರಿ ನಮ್ಮ ಕಡೆ ಸಿಗುವುದು ಕಷ್ಟ. ‘ಸಿನ್ಸ್’ ನಂತರ ಕ್ಯಾಲೆಂಡರಿನಲ್ಲಿ ಬೆರಳಿಟ್ಟು ತೋರಿಸಬಹುದಾದ ಒಂದು ಬಿಂದು ಇರಬೇಕು: 2019, ಸೋಮವಾರ, ಒಪ್ಪಂದವಾದ ದಿನ. ‘ಫಾರ್’ ನಂತರ ಎಣಿಸಬಹುದಾದ ಅವಧಿ ಇರಬೇಕು. ‘ಸಿನ್ಸ್ 12 ಇಯರ್ಸ್’ ಎಂಬುದು ಬಿಂದುವಿನ ಜಾಗದಲ್ಲಿ ಅವಧಿಯನ್ನು ಕೂರಿಸಿದ ಹಾಗೆ. ಎರಡರಲ್ಲೂ ಕ್ರಿಯಾಪದ ‘ಹ್ಯಾವ್ ಬೀನ್ ಸಪ್ಲೈಯಿಂಗ್’ ಆಗಬೇಕು, ‘ಆರ್ ಸಪ್ಲೈಯಿಂಗ್’ ಅಲ್ಲ.

‘ಒಳಗೆ’, ‘ವರೆಗೆ’, ‘ಆದಮೇಲೆ’

‘ಶುಕ್ರವಾರದೊಳಗೆ ಕಳಿಸಿ’ ಎಂಬುದನ್ನು ‘ವಿದಿನ್ ಫ್ರೈಡೇ’ ಎಂದು ಬರೆಯುವುದುಂಟು. ‘ವಿದಿನ್’ ನಂತರ ಅವಧಿ ಬರಬೇಕು: ‘ವಿದಿನ್ ಫೋರ್ ಡೇಸ್’. ದಿನದ ಹೆಸರು ಹೇಳುವುದಾದರೆ ‘ಬೈ ಫ್ರೈಡೇ’. ‘ಬಿಫೋರ್ ಫ್ರೈಡೇ’ ಎಂದರೆ ಶುಕ್ರವಾರ ಸೇರುವುದಿಲ್ಲ, ಗುರುವಾರಕ್ಕೇ ಗಡುವು ಮುಗಿಯಿತು. ಟೆಂಡರ್ ಅರ್ಜಿ ಹಾಕುವವರು ಇದನ್ನು ಎರಡು ಸಲ ಓದಿಕೊಳ್ಳುವುದು ಒಳ್ಳೆಯದು. ಸರ್ಕಾರಿ ಕಾಗದಗಳಲ್ಲಿ ಬರುವ ‘ಆನ್ ಆರ್ ಬಿಫೋರ್’ ಕೇಳಲು ಒರಟು, ಆದರೆ ಆ ದಿನ ಸೇರುತ್ತದೋ ಇಲ್ಲವೋ ಎಂಬ ಅನುಮಾನವನ್ನು ಬೇರುಸಹಿತ ಕಿತ್ತುಹಾಕುತ್ತದೆ. ನಾಜೂಕಿಗಿಂತ ಅದೇ ಮೇಲು.

‘ಟಿಲ್’ ಮತ್ತು ‘ಅಂಟಿಲ್’ ಹಾಕುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಆ ಕೆಲಸ ಅಲ್ಲಿಯವರೆಗೂ ನಡೆಯುತ್ತಲೇ ಇರುತ್ತದೆಯೇ, ಇಲ್ಲ ಒಮ್ಮೆ ಆಗಿ ಮುಗಿಯುತ್ತದೆಯೇ? ಆಫರ್ ಜಾರಿಯಲ್ಲಿರುವುದು, ಗೋದಾಮು ತೆರೆದಿರುವುದು ನಡೆಯುತ್ತಲೇ ಇರುವ ಸಂಗತಿ: ‘ವ್ಯಾಲಿಡ್ ಅಂಟಿಲ್ 30 ಜೂನ್’. ಕೊಟೇಶನ್ ಕಳಿಸುವುದು, ಹಣ ಕಟ್ಟುವುದು ಒಂದೇ ಏಟಿಗೆ ಮುಗಿಯುವ ಕೆಲಸ: ‘ಪ್ಲೀಸ್ ಪೇ ಬೈ 30 ಜೂನ್’. ‘ಪ್ಲೀಸ್ ಪೇ ಅಂಟಿಲ್ 30 ಜೂನ್’ ಎಂದರೆ ಜೂನ್ 30ರ ತನಕ ಕಟ್ಟುತ್ತಲೇ ಇರಿ ಎಂದಾಗುತ್ತದೆ. ಹಾಗೆ ಕಟ್ಟುವ ಗಿರಾಕಿ ಸಿಕ್ಕರೆ ಬಿಡಬೇಡಿ.

ಹಣದ ದೃಷ್ಟಿಯಿಂದ ಎಲ್ಲಕ್ಕಿಂತ ಭಾರವಾದದ್ದು ‘ವಿದಿನ್’, ‘ಇನ್’, ‘ಆಫ್ಟರ್’. ಮೈಸೂರಿನ ಹೆಬ್ಬಾಳ, ಮೇಟಗಳ್ಳಿ, ಕೂರ್ಗಳ್ಳಿಯ ಸಣ್ಣ ಘಟಕಗಳು ದೊಡ್ಡ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುತ್ತವೆ. ಪರ್ಚೇಸ್ ಆರ್ಡರಿನ ಕೆಳಗೆ ಸಣ್ಣ ಅಕ್ಷರದಲ್ಲಿ ‘ಪೇಮೆಂಟ್ ಆಫ್ಟರ್ 45 ಡೇಸ್’ ಎಂದಿದ್ದರೆ ಅದು ಗಡುವಲ್ಲ. 45 ದಿನ ಕಳೆಯುವ ತನಕ ಕೇಳಬೇಡಿ ಎಂದಷ್ಟೇ ಹೇಳಿದೆ, 46ನೇ ದಿನಕ್ಕೋ 90ನೇ ದಿನಕ್ಕೋ ಎಂಬುದನ್ನು ಹೇಳಿಲ್ಲ. ‘ಇನ್ 45 ಡೇಸ್’ ಕೂಡ ಸಾಮಾನ್ಯವಾಗಿ 45 ದಿನ ಕಳೆದ ಹೊತ್ತಿಗೆ ಎಂಬ ಅರ್ಥ ಕೊಡುತ್ತದೆ. ಗಡುವಾಗಬೇಕಾದರೆ ‘ವಿದಿನ್ 45 ಡೇಸ್’ ಎಂದೇ ಇರಬೇಕು. 2006ರ ಎಂಎಸ್ಎಂಇಡಿ ಕಾಯ್ದೆ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆ) ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳ ಬಾಕಿಯನ್ನು, ಲಿಖಿತ ಒಪ್ಪಂದ ಏನೇ ಇದ್ದರೂ, ಸರಕು ಒಪ್ಪಿಕೊಂಡ ದಿನದಿಂದ 45 ದಿನಕ್ಕಿಂತ ಹೆಚ್ಚು ಎಳೆಯಲು ಬಿಡುವುದಿಲ್ಲ. ಲಿಖಿತ ಒಪ್ಪಂದವೇ ಇಲ್ಲದಿದ್ದರೆ ಅವಧಿ 15 ದಿನ. ಕಾನೂನು ಹೀಗಿರುವಾಗ ನೀವೇ ಸಹಿ ಮಾಡಿದ ಕಾಗದದಲ್ಲಿ ‘ಆಫ್ಟರ್’ ಇರುವುದೇಕೆ?

ಎಣಿಕೆ ಎಲ್ಲಿಂದ ಎಂಬುದೂ ಅಷ್ಟೇ ಮುಖ್ಯ. ‘ವಿದಿನ್ 45 ಡೇಸ್’ ಎಂದು ನಿಲ್ಲಿಸಿದರೆ ಇನ್‌ವಾಯ್ಸ್ ದಿನದಿಂದಲೋ, ಸರಕು ಮುಟ್ಟಿದ ದಿನದಿಂದಲೋ ಗೊತ್ತಾಗುವುದಿಲ್ಲ. ‘ವಿದಿನ್ 45 ಡೇಸ್ ಆಫ್ ರಿಸೀಟ್ ಆಫ್ ದ ಗೂಡ್ಸ್’ ಎಂದು ಪೂರ್ತಿ ಬರೆಯಿರಿ. ‘ಆಫ್’ ಬದಲು ‘ಫ್ರಮ್’ ಇದ್ದರೂ ಅಡ್ಡಿಯಿಲ್ಲ. ಚೆಕ್ಕಿನ ವಿಷಯದಲ್ಲೂ ಇದೇ ಎಣಿಕೆ. 2012ರ ಏಪ್ರಿಲ್ 1ರಿಂದ ಚೆಕ್ಕಿನ ಆಯುಸ್ಸು ಆರು ತಿಂಗಳಿಂದ ಮೂರಕ್ಕೆ ಇಳಿದಿದೆ. ಇಂಗ್ಲಿಷಿನಲ್ಲಿ ‘ವ್ಯಾಲಿಡ್ ಫಾರ್ ತ್ರೀ ಮಂತ್ಸ್ ಫ್ರಮ್ ದ ಡೇಟ್ ಆಫ್ ದ ಚೆಕ್’. ಅವಧಿಗೆ ‘ಫಾರ್’, ಶುರುವಿಗೆ ‘ಫ್ರಮ್’.

ಬೇಡದ ಕಡೆ ‘ಅಬೌಟ್’, ಬೇಕಾದ ಕಡೆ ಖಾಲಿ

ಕನ್ನಡಿಗರ ಕಚೇರಿ ಇಂಗ್ಲಿಷಿನಲ್ಲಿ ಮತ್ತೆ ಮತ್ತೆ ಕಾಣುವ ತಪ್ಪು ‘ಡಿಸ್ಕಸ್ ಅಬೌಟ್’. ಬೆನ್ನಿಗೇ ‘ರಿಕ್ವೆಸ್ಟೆಡ್ ಫಾರ್’, ‘ಆರ್ಡರ್ಡ್ ಫಾರ್’, ‘ಮೆನ್ಷನ್ಡ್ ಅಬೌಟ್’. ಈ ನಾಲ್ಕೂ ಕ್ರಿಯಾಪದಗಳು ಪ್ರಿಪೊಸಿಷನ್ ಇಲ್ಲದೆ ನೇರವಾಗಿ ವಸ್ತುವನ್ನು ಹಿಡಿಯುತ್ತವೆ: ‘ಡಿಸ್ಕಸ್ಡ್ ದ ರೇಟ್’, ‘ರಿಕ್ವೆಸ್ಟೆಡ್ ಎ ಸ್ಯಾಂಪಲ್’. ಗೊಂದಲ ಹುಟ್ಟುವುದು ಇವುಗಳ ನಾಮಪದ ರೂಪದಿಂದ. ‘ಎ ಡಿಸ್ಕಷನ್ ಅಬೌಟ್ ದ ರೇಟ್’, ‘ಎ ರಿಕ್ವೆಸ್ಟ್ ಫಾರ್ ಎ ಸ್ಯಾಂಪಲ್’, ‘ಆನ್ ಆರ್ಡರ್ ಫಾರ್ 200 ಬಾಕ್ಸಸ್’ ಎಲ್ಲವೂ ಸರಿ. ನಾಮಪದದ ಬಾಲವನ್ನು ತಂದು ಕ್ರಿಯಾಪದಕ್ಕೆ ಅಂಟಿಸುತ್ತೇವೆ, ಅಷ್ಟೇ. ‘ಡಿಮ್ಯಾಂಡ್’, ‘ವಿಸಿಟ್’, ‘ಆನ್ಸರ್’, ‘ಅಪ್ರೋಚ್’ ಎಲ್ಲದರದ್ದೂ ಇದೇ ಕಥೆ: ‘ದೇ ವಿಸಿಟೆಡ್ ಅವರ್ ಫ್ಯಾಕ್ಟರಿ’, ಆದರೆ ‘ದೇರ್ ವಿಸಿಟ್ ಟು ಅವರ್ ಫ್ಯಾಕ್ಟರಿ’.

ಅನುಮಾನ ಬಂದಾಗ ಕನ್ನಡದಲ್ಲೇ ಒಂದು ಪರೀಕ್ಷೆ ಮಾಡಬಹುದು. ವಸ್ತುವಿಗೆ ‘ಅನ್ನು’ ಹಚ್ಚಿ ನೋಡಿ. ದರವನ್ನು ಚರ್ಚಿಸಿದೆವು, ಮಾದರಿಯನ್ನು ಕೋರಿದೆವು, ನಿಮ್ಮನ್ನು ಸಂಪರ್ಕಿಸುತ್ತೇವೆ, ಉತ್ತರವನ್ನು ನಿರೀಕ್ಷಿಸುತ್ತಿದ್ದೇವೆ: ಎಲ್ಲವೂ ಕಿವಿಗೆ ಒಗ್ಗುತ್ತವೆ, ಹಾಗಾಗಿ ‘ಡಿಸ್ಕಸ್’, ‘ರಿಕ್ವೆಸ್ಟ್’, ‘ಕಾಂಟ್ಯಾಕ್ಟ್’, ‘ಅವೇಟ್’ ಒಂಟಿಯಾಗಿ ನಿಲ್ಲುತ್ತವೆ. ‘ಲಾರಿಯನ್ನು ಕಾದೆವು’ ಎನ್ನುವುದಕ್ಕಿಂತ ‘ಲಾರಿಗೆ ಕಾದೆವು’ ಎಂಬುದೇ ನಮ್ಮ ಮಾತು. ‘ವೇಟ್’ ನಂತರ ‘ಫಾರ್’ ಬೇಕು. ‘ಪತ್ರಕ್ಕೆ ಉತ್ತರಿಸಿದೆವು’: ‘ರಿಪ್ಲೈ’ ನಂತರ ‘ಟು’ ಬೇಕು.

ಪರೀಕ್ಷೆ ಕೈಕೊಡುವ ಜಾಗಗಳೂ ಇವೆ, ಅವನ್ನು ಬಾಯಿಪಾಠ ಮಾಡದೆ ವಿಧಿಯಿಲ್ಲ. ‘ಸಭೆಗೆ ಹಾಜರಾದೆವು’ ಎಂದರೂ ‘ಅಟೆಂಡೆಡ್ ದ ಮೀಟಿಂಗ್’ ಎನ್ನಬೇಕು, ನಡುವೆ ಏನೂ ಬೇಡ. ‘ಅಂಕಿಗಳನ್ನು ನೋಡಿ’ ಎಂದರೂ ‘ಲುಕ್ ಅಟ್ ದ ಫಿಗರ್ಸ್’. ‘ರಿಯಾಯಿತಿ ಕೇಳಿದರು’ ಎಂದರೂ ‘ಆಸ್ಕ್ಡ್ ಫಾರ್ ಎ ಡಿಸ್ಕೌಂಟ್’. ‘ಪೇ’ ಎಂಬುದಂತೂ ಎರಡೂ ದೋಣಿಯಲ್ಲಿ ಕಾಲಿಟ್ಟ ಪದ. ಬಿಲ್ಲಿಗೂ ವ್ಯಕ್ತಿಗೂ ಮೊತ್ತಕ್ಕೂ ಅದು ನೇರ, ಕೊಂಡ ಸರಕಿಗೆ ಮಾತ್ರ ‘ಫಾರ್’, ಕೊಟ್ಟ ವಿಧಾನಕ್ಕೆ ಬೇರೊಂದು. ‘ವಿ ಪೇಯ್ಡ್ ದ ಸಪ್ಲೈಯರ್ 50,000 ರುಪೀಸ್ ಫಾರ್ ಬ್ಯಾಂಬೂ ಸ್ಟಿಕ್ಸ್ ಬೈ ಚೆಕ್’ ಎಂಬ ಒಂದು ಸಾಲಿನಲ್ಲಿ ವ್ಯಕ್ತಿ, ಮೊತ್ತ, ಸರಕು, ವಿಧಾನ ನಾಲ್ಕೂ ಇವೆ. ವಿಧಾನ ‘ಬೈ ಚೆಕ್’, ‘ಬೈ ಎನ್‌ಇಎಫ್‌ಟಿ’. ನಗದಾದರೆ ‘ಇನ್ ಕ್ಯಾಶ್’, ಕಂತಾದರೆ ‘ಇನ್ ಇನ್‌ಸ್ಟಾಲ್‌ಮೆಂಟ್ಸ್’, ಸಾಲವಾದರೆ ‘ಆನ್ ಕ್ರೆಡಿಟ್’. ಡಿಡಿ ಯಾರ ಹೆಸರಿಗೋ ಅವರ ‘ಇನ್ ಫೇವರ್ ಆಫ್’.

‘ನಿಮಗೆ’ ಎಂಬ ಪದ ಇನ್ನೊಂದು ಬಲೆ. ನಿಮಗೆ ತಿಳಿಸುತ್ತೇವೆ, ನಿಮಗೆ ವಿವರಿಸುತ್ತೇವೆ. ಕನ್ನಡದಲ್ಲಿ ಎರಡೂ ಒಂದೇ ಅಚ್ಚು. ಇಂಗ್ಲಿಷಿನಲ್ಲಿ ‘ಇನ್‌ಫಾರ್ಮ್’, ‘ಟೆಲ್’, ‘ರಿಮೈಂಡ್’, ‘ಅಡ್ವೈಸ್’ ಮುಂದೆ ಮನುಷ್ಯ ನೇರವಾಗಿ ನಿಲ್ಲುತ್ತಾನೆ, ‘ಇನ್‌ಫಾರ್ಮ್ ಟು ಯು’ ತಪ್ಪು. ‘ಎಕ್ಸ್‌ಪ್ಲೇನ್’, ‘ಸಜೆಸ್ಟ್’, ‘ಮೆನ್ಷನ್’ ಮುಂದೆ ಮನುಷ್ಯ ಬರಬೇಕಾದರೆ ‘ಟು’ ಬೇಕು, ‘ಐ ವಿಲ್ ಎಕ್ಸ್‌ಪ್ಲೇನ್ ಯು’ ತಪ್ಪು. ‘ಸಪ್ಲೈ’ಗೆ ಎರಡು ದಾರಿ: ಸರಕು ಮೊದಲು ಬಂದರೆ ‘ಸಪ್ಲೈ ಜ್ಯಾಗರಿ ಟು ಯು’, ಗಿರಾಕಿ ಮೊದಲು ಬಂದರೆ ‘ಸಪ್ಲೈ ಯು ವಿತ್ ಜ್ಯಾಗರಿ’.

ಒಂದು ಪತ್ರವನ್ನು ಬಿಚ್ಚಿ ನೋಡೋಣ

ಮೈಸೂರಿನ ಅಗರಬತ್ತಿ ಘಟಕವೊಂದು ದುಬೈನ ಗಿರಾಕಿಗೆ ಬರೆಯಬಹುದಾದ ಮೇಲ್ ಇದು. ಇಂಥದ್ದು ದಿನಾ ನೂರಾರು ಹೋಗುತ್ತವೆ.

‘ವಿತ್ ರೆಗಾರ್ಡ್ಸ್ ಟು ಯುವರ್ ಮೇಲ್ ಆನ್ 12 ಜೂನ್, ವಿ ಡಿಸ್ಕಸ್ಡ್ ಅಬೌಟ್ ಯುವರ್ ರಿಕ್ವೆಸ್ಟ್ ಆಫ್ ಸ್ಯಾಂಪಲ್ಸ್. ವಿ ಆರ್ ಡೀಲಿಂಗ್ ವಿತ್ ಅಗರಬತ್ತಿ ಸಿನ್ಸ್ 12 ಇಯರ್ಸ್. ವಿ ಅಗ್ರೀ ವಿತ್ ಯುವರ್ ಟರ್ಮ್ಸ್. ವಿ ಲುಕ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯು.’

‘ರೆಗಾರ್ಡ್ಸ್’ ಎಂಬುದು ಪತ್ರದ ಕೊನೆಯ ನಮಸ್ಕಾರ. ವಿಷಯ ಸೂಚಿಸಲು ‘ವಿತ್ ರೆಗಾರ್ಡ್ ಟು’, ಎಸ್ ಇಲ್ಲದೆ. ‘ಆನ್ 12 ಜೂನ್’ ಬದಲು ‘ಆಫ್ 12 ಜೂನ್’, ಏಕೆಂದರೆ ಇಲ್ಲಿ ತಾರೀಖು ಕೆಲಸ ನಡೆದ ದಿನವನ್ನಲ್ಲ, ಯಾವ ಮೇಲ್ ಎಂಬ ಗುರುತನ್ನು ಹೇಳುತ್ತಿದೆ. ‘ಡಿಸ್ಕಸ್ಡ್’ ಮುಂದಿನ ‘ಅಬೌಟ್’ ಹೋಗಲಿ, ‘ರಿಕ್ವೆಸ್ಟ್’ ನಾಮಪದವಾದ್ದರಿಂದ ‘ಫಾರ್’ ಬರಲಿ. ‘ಡೀಲ್ ಇನ್’ ಎಂದರೆ ಆ ಸರಕಿನ ವ್ಯಾಪಾರ ಮಾಡುವುದು. ‘ಡೀಲ್ ವಿತ್’ ಎಂದರೆ ಒಬ್ಬ ಗಿರಾಕಿಯೊಂದಿಗೆ ವ್ಯವಹರಿಸುವುದು ಅಥವಾ ಒಂದು ತಾಪತ್ರಯವನ್ನು ನಿಭಾಯಿಸುವುದು. ಮೇಲ್‌ನಲ್ಲಿರುವಂತೆ ಓದಿದರೆ ಪಾಪ, ಅಗರಬತ್ತಿಯೇ ಹನ್ನೆರಡು ವರ್ಷದ ತಾಪತ್ರಯವಾಗಿ ಕಾಣುತ್ತದೆ.

‘ಅಗ್ರೀ’ ಬಳಿ ಸ್ವಲ್ಪ ನಿಲ್ಲಬೇಕು. ‘ಅಗ್ರೀ ವಿತ್’ ಎಂದರೆ ಅಭಿಪ್ರಾಯ ಹೊಂದುತ್ತದೆ, ನೀವು ಹೇಳುವುದು ಸರಿ ಎಂದು ತಲೆಯಾಡಿಸಿದಂತೆ. ‘ಅಗ್ರೀ ಟು’ ಎಂದರೆ ಷರತ್ತಿಗೆ ಒಪ್ಪಿ ಬದ್ಧರಾದಂತೆ. ಇಬ್ಬರೂ ಕೂತು ಮಾತಾಡಿ ಒಂದು ಅಂಕಿಗೆ ಬಂದರೆ ‘ಅಗ್ರೀ ಆನ್’. ಒಪ್ಪಿಗೆ ಕೊಡುವ ಪತ್ರದಲ್ಲಿ ‘ವಿತ್’ ಬರೆದರೆ ಗಿರಾಕಿಗೆ ನೀವು ಒಪ್ಪಿದ್ದೀರೋ, ಬರೀ ಹೂಂಗುಟ್ಟಿದ್ದೀರೋ ತಿಳಿಯುವುದಿಲ್ಲ. ಇನ್ನೂ ಚೌಕಾಸಿ ಮಾಡಬೇಕೆಂದಿರುವಾಗ ‘ಟು’ ಬರೆದರೆ ಚೌಕಾಸಿ ಅಲ್ಲಿಗೇ ಮುಗಿಯಿತು.

ಕೊನೆಯ ಸಾಲಿನ ‘ಟು’ ಪ್ರಿಪೊಸಿಷನ್, ಕ್ರಿಯಾಪದಕ್ಕೆ ಮೊದಲು ಬರುವ ‘ಟು’ ಅಲ್ಲ. ಹಾಗಾಗಿ ‘ಟು ಹಿಯರಿಂಗ್ ಫ್ರಮ್ ಯು’. ಅದರ ಜಾಗದಲ್ಲಿ ಒಂದು ನಾಮಪದ ಕೂರಿಸಿ ನೋಡಿ: ‘ಲುಕ್ ಫಾರ್ವರ್ಡ್ ಟು ಯುವರ್ ರಿಪ್ಲೈ’ ಸಲೀಸಾಗಿ ಕೂರುತ್ತದೆ. ನಾಮಪದ ಕೂರುವ ಕಡೆ ಕ್ರಿಯಾಪದ ಬಂದರೆ ಅದಕ್ಕೆ ‘ಇಂಗ್’ ಬೇಕೇ ಬೇಕು.

ವಿಳಾಸ, ಮತ್ತು ಬಿಟ್ಟುಬಿಡಬಹುದಾದ ಜಗಳಗಳು

ಸ್ಥಳಕ್ಕೆ ಕನ್ನಡದ ‘ಅಲ್ಲಿ’ ಒಂದೇ ಸಾಕು, ಇಂಗ್ಲಿಷಿಗೆ ಮೂರು ಬೇಕು. ಊರು ‘ಇನ್ ಮಂಡ್ಯ’, ರಸ್ತೆ ಮತ್ತು ಮಹಡಿ ‘ಆನ್ ಹುಣಸೂರು ರೋಡ್, ಆನ್ ದ ಸೆಕೆಂಡ್ ಫ್ಲೋರ್’, ಬಾಗಿಲ ಸಂಖ್ಯೆ ‘ಅಟ್’. ಕರಾರು ಪತ್ರಗಳಲ್ಲಿ ‘ಎಕ್ಸಿಕ್ಯೂಟೆಡ್ ಅಟ್ ಮೈಸೂರು’ ಎಂದಿರುತ್ತದೆ, ಅದು ತಪ್ಪಲ್ಲ. ಸಹಿಯಾದ ಜಾಗವನ್ನು ನಕ್ಷೆಯ ಮೇಲಿನ ಚುಕ್ಕೆಯಂತೆ ಗುರುತಿಸುವ ವಕೀಲರ ರೂಢಿ. ಬಿಲ್ಲಿನ ಕೆಳಗಿನ ‘ಸಬ್ಜೆಕ್ಟ್ ಟು ಮೈಸೂರು ಜ್ಯೂರಿಸ್ಡಿಕ್ಷನ್’ನಲ್ಲಿ ‘ಟು’ ಬಂದಿರುವುದು ಎಡಗಡೆಯ ‘ಸಬ್ಜೆಕ್ಟ್’ನಿಂದ, ಊರಿನಿಂದಲ್ಲ. ವ್ಯಾಜ್ಯ ಬಂದರೆ ಮೈಸೂರಿನ ನ್ಯಾಯಾಲಯಕ್ಕೆ ಒಳಪಟ್ಟು ಎಂದರ್ಥ.

ಕೆಲವು ಕಡೆ ಎರಡೂ ಸರಿ. ಬ್ರಿಟಿಷರು ‘ಅಟ್ ದ ವೀಕೆಂಡ್’ ಎನ್ನುತ್ತಾರೆ, ಅಮೆರಿಕದವರು ‘ಆನ್ ದ ವೀಕೆಂಡ್’. ಫಾರಂ ತುಂಬುವುದಕ್ಕೆ ‘ಫಿಲ್ ಇನ್’ ಆದರೂ ಸರಿ, ‘ಫಿಲ್ ಔಟ್’ ಆದರೂ ಸರಿ. ಅಮೆರಿಕದವರ ‘ಮಂಡೇ ಥ್ರೂ ಫ್ರೈಡೇ’ಯಲ್ಲಿ ಶುಕ್ರವಾರ ಖಂಡಿತ ಸೇರಿದೆ; ‘ಮಂಡೇ ಟು ಫ್ರೈಡೇ’ ಬರೆಯುವವರು ಅನುಮಾನವಿದ್ದರೆ ‘ಇನ್‌ಕ್ಲೂಸಿವ್’ ಸೇರಿಸಲಿ. ಇಂಥವಕ್ಕೆ ಕಚೇರಿಯಲ್ಲಿ ವಾದ ಮಾಡಿ ಹೊತ್ತು ಕಳೆಯುವುದು ಬೇಡ. ‘ರಿಟರ್ನ್ ಬ್ಯಾಕ್’, ‘ಕೋಪ್ ಅಪ್ ವಿತ್’ನಂಥ ಬಾಲಗಳನ್ನು ಕತ್ತರಿಸಿದರೆ ಚೆಂದ, ಕತ್ತರಿಸದಿದ್ದರೆ ಹಣವೇನೂ ಹೋಗುವುದಿಲ್ಲ.

ಕಂಪ್ಯೂಟರಿನ ವ್ಯಾಕರಣ ತಿದ್ದುವ ಸಾಫ್ಟ್‌ವೇರ್ ‘ಡಿಸ್ಕಸ್ ಅಬೌಟ್’ನಂಥದ್ದನ್ನು ಹಿಡಿದುಕೊಡಬಲ್ಲದು. ‘ಬೈ 5 ಪರ್ಸೆಂಟ್’, ‘ಆಫ್ಟರ್ 45 ಡೇಸ್’, ‘ಅಗ್ರೀ ಟು’ ಇವನ್ನು ಹಿಡಿಯುವುದಿಲ್ಲ, ಅವು ವ್ಯಾಕರಣದ ತಪ್ಪುಗಳೇ ಅಲ್ಲ. ಅಂಕಿ, ತಾರೀಖು, ಒಪ್ಪಿಗೆ ಇರುವ ಸಾಲುಗಳನ್ನು ಕಳಿಸುವ ಮುಂಚೆ ಮನುಷ್ಯನೇ ಓದಬೇಕು, ಆದಷ್ಟೂ ಬರೆದವರಲ್ಲದೆ ಪಕ್ಕದ ಮೇಜಿನವರು. ಉಳಿದವಕ್ಕೆ ನಿಘಂಟು ಸಾಕು. ಕೇಂಬ್ರಿಡ್ಜ್ ಮತ್ತು ಆಕ್ಸ್‌ಫರ್ಡಿನ ಕಲಿಯುವವರ ನಿಘಂಟುಗಳು ಅಂತರ್ಜಾಲದಲ್ಲಿ ಉಚಿತವಾಗಿವೆ. ಅಲ್ಲಿ ‘ಆನ್’ ಅಥವಾ ‘ಫಾರ್’ ಹುಡುಕಿದರೆ ಪುಟಗಟ್ಟಲೆ ಅರ್ಥ ಬಂದು ತಲೆ ಕೆಡುತ್ತದೆ. ಎಡಗಡೆಯ ಪದವನ್ನು ಹುಡುಕಿ, ಅದು ಕ್ರಿಯಾಪದವೋ ನಾಮಪದವೋ ನೋಡಿಕೊಂಡು ಆ ಭಾಗಕ್ಕೇ ಹೋಗಿ, ಉದಾಹರಣೆ ವಾಕ್ಯಗಳಲ್ಲಿ ಅದರ ಬೆನ್ನಿಗೆ ಏನು ಬಂದಿದೆ ಎಂದು ನೋಡಿ. ಬರೆದಿಟ್ಟುಕೊಳ್ಳುವಾಗ ಪ್ರಿಪೊಸಿಷನ್ ಜೊತೆಗೆ ನಿಮ್ಮದೇ ವ್ಯಾಪಾರದ ಒಂದು ನಾಮಪದವನ್ನೂ ಸೇರಿಸಿ: ‘ಕಂಪ್ಲೈ ವಿತ್’ ಎಂದಷ್ಟೇ ಅಲ್ಲ, ‘ಕಂಪ್ಲೈ ವಿತ್ ದ ಜಿಎಸ್‌ಟಿ ರೂಲ್ಸ್’.